ಸಮಬಲದ ಕಟ್ಟೆ

ಆಸ್ಟ್ರೇಲಿಯದವರ ಸ್ವಂತ ಫುಟ್‌ಬಾಲ್ ಲೀಗಿನಲ್ಲಿ ಕೊನೆಯ ಸ್ಥಾನಕ್ಕಿಳಿದ ತಂಡಕ್ಕೇ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲ ಸರದಿ. ಆಟಗಾರರ ಸಂಬಳದ ಒಟ್ಟು ಮೊತ್ತಕ್ಕೂ ಒಂದು ಮಿತಿಯುಂಟು. ಹಣವಂತ ಕ್ಲಬ್ಬುಗಳು ಪ್ರತಿಭೆಯನ್ನೆಲ್ಲ ಕೊಂಡೊಯ್ಯದಂತೆ ಕಟ್ಟಿದ ಈ ಕಟ್ಟೆ ನ್ಯಾಯವಾದುದೇ. ಹದಿನೆಂಟರ ಹುಡುಗನು ತವರೂರು ತೊರೆದು, ಆರಿಸಿಕೊಂಡ ಕ್ಲಬ್ಬಿಗೆ ಹೋಗಬೇಕಲ್ಲ, ಅದು ಅದರ ಬೆಲೆ!

ಆದರೆ ಕ್ಲಬ್ಬು ಉಳಿಯುವುದು ನಿಯಮದಿಂದಲ್ಲ, ಸದಸ್ಯರಿಂದ ಎಂಬುದು ನನ್ನ ಮತ. ಈ ಆಯ್ಕೆಯ ಪದ್ಧತಿ 1986ರಲ್ಲಿಯೇ ಬಂದಿತು. ಆದರೂ ಸಾಲದಲ್ಲಿ ಮುಳುಗಿದ ಫಿಟ್ಜ್‌ರಾಯ್ 1996ರಲ್ಲಿ ಬ್ರಿಸ್ಬೇನಿನೊಡನೆ ವಿಲೀನವಾಯಿತು. ಅದೇ ವರ್ಷ ಮೆಲ್ಬರ್ನ್ ಕ್ಲಬ್ಬಿನೊಡನೆ ಕೂಡುವ ಸಲಹೆಯನ್ನು ಹಾಥಾರ್ನಿನ ಸದಸ್ಯರು ಮತ ಹಾಕಿ ತಳ್ಳಿಹಾಕಿದರು. 1989ರಲ್ಲಿ ವಿಲೀನದ ಅಂಚಿಗೆ ಬಂದಿದ್ದ ಫುಟ್‌ಸ್ಕ್ರೇಯನ್ನು ಚಂದಾ ಎತ್ತಿ ಉಳಿಸಿಕೊಂಡವರೂ ಅಭಿಮಾನಿಗಳೇ. 1954ರಲ್ಲಿ ಪ್ರಶಸ್ತಿ ಗೆದ್ದಿದ್ದ ಆ ಕ್ಲಬ್ಬು ಮತ್ತೆ ಗೆದ್ದುದು, ವೆಸ್ಟರ್ನ್ ಬುಲ್‌ಡಾಗ್ಸ್ ಎಂಬ ಹೆಸರಿನಲ್ಲಿ, 2016ರಲ್ಲಿ.