ಪುಕ್ಕಟೆ ಕೃಪೆಯ ಶುಭೋದಯ

ಬೆಳಿಗ್ಗೆ ಲೋಕಲ್ ಟ್ರೈನಿನಲ್ಲಿ ಹೇಗೋ ನುಗ್ಗಿ ಕಾಲೂರಲು ಜಾಗ ಸಿಕ್ಕಿತು ಅನ್ನುವಷ್ಟರಲ್ಲಿ ಜೇಬಿನಲ್ಲಿ ಮೊಬೈಲ್ ಟಿಣ್ ಟಿಣ್ ಅನ್ನತೊಡಗುತ್ತದೆ. ಸೂರ್ಯೋದಯದ ಚಿತ್ರ, ಗುಲಾಬಿ ಹೂ, ಕೆಳಗೆ ಒಂದು ವಚನ, ಅದರಡಿ ನಾಲ್ಕು ಸಾಲಿನ ಧ್ಯಾನ. "ದೇವರು ನಿನ್ನನ್ನು ಕ್ಷಮಿಸಿದ್ದಾನೆ, ಚಿಂತೆ ಬಿಡು" ಎಂಬುದೇ ಹೆಚ್ಚು ಕಡಿಮೆ ಎಲ್ಲದರ ಸಾರ. ನಾವು ಓದುತ್ತೇವೆ, ಆಮೆನ್ ಅಂತ ಒತ್ತುತ್ತೇವೆ, ಇನ್ನು ಹತ್ತು ಜನಕ್ಕೆ ದಾಟಿಸುತ್ತೇವೆ. ಅಲ್ಲಿಗೆ ಆ ದಿನದ ಶಿಷ್ಯತ್ವ ಮುಗಿಯಿತು!

ಇದನ್ನು ನಾನು ವಿರೋಧಿಸುತ್ತೇನೆ. ಮುಂಬಯಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು, ಹೆಚ್ಚಿನದೆಲ್ಲ ಬ್ಯಾಂಕಿನ ಸಾಲ ವಿಭಾಗದಲ್ಲೇ ಕಳೆದಿದೆ. ದೇವಶಾಸ್ತ್ರ ಓದಿದವನಲ್ಲ, ಬರೀ ಬಿ.ಕಾಂ. ಆದರೆ ಸಾಲ ಮನ್ನಾ ಅಂದರೇನು ಅಂತ ಗೊತ್ತು. ಮನ್ನಾ ಮಾಡಿದ ಮಾತ್ರಕ್ಕೆ ಹಣ ಗಾಳಿಯಲ್ಲಿ ಕರಗುವುದಿಲ್ಲ. ಸಾಲಗಾರನ ಖಾತೆಯಿಂದ ಇಳಿದದ್ದು ಇನ್ಯಾರದೋ ಖಾತೆಗೆ ನಷ್ಟವಾಗಿ ಏರುತ್ತದೆ. ಸಾಲಗಾರನಿಗೆ ಪುಕ್ಕಟೆ, ಕೊಟ್ಟವನಿಗೆ ಅಲ್ಲ. ಕ್ರೈಸ್ತರಾದ ನಾವು ಶಿಲುಬೆ ಅನ್ನುವುದು ಆ ನಷ್ಟದ ಲೆಕ್ಕಕ್ಕೇ ಅಲ್ಲವೇ?

ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯ ನೋಡಿ. ಅರಸನಿಗೆ ಹತ್ತು ಸಾವಿರ ತಲಾಂತು ಬಾಕಿ ಇಟ್ಟ ಆಳು. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಕೂಲಿಯವನ ಒಂದು ದಿನದ ದುಡಿಮೆ. ಅಂದರೆ ಬಾಕಿ 6 ಕೋಟಿ ದಿನಗಳ ಕೂಲಿ! ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ. ಅರಸ ಅಷ್ಟನ್ನೂ ಬಿಟ್ಟ. ಇವನು ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾದ ಜೊತೆಯ ಆಳಿನ ಕುತ್ತಿಗೆ ಹಿಡಿದ. ಆರು ಲಕ್ಷದಲ್ಲಿ ಒಂದು ಪಾಲಿಗೆ! ಅರಸ ಕ್ಷಮೆಯನ್ನು ಹಿಂತೆಗೆದುಕೊಂಡ ಎಂಬಲ್ಲಿಗೆ ಕತೆ ಮುಗಿಯುತ್ತದೆ. ನಮ್ಮ ಶುಭೋದಯದ ಸಂದೇಶಗಳಲ್ಲಿ ಕತೆಯ ಮೊದಲರ್ಧ ಮಾತ್ರ ಇರುತ್ತದೆ.

ಜರ್ಮನಿಯ ಡೀಟ್ರಿಕ್ ಬಾನ್‌ಹಾಫರ್ ಎಂಬ ಪಾದ್ರಿ 1937ರಲ್ಲೇ ಇದಕ್ಕೆ ಅಗ್ಗದ ಕೃಪೆ ಎಂದು ಹೆಸರಿಟ್ಟ. ಪಶ್ಚಾತ್ತಾಪವಿಲ್ಲದ ಕ್ಷಮೆ, ಹಿಂಬಾಲಿಸದ ಭಕ್ತಿ ಸಭೆಯನ್ನೇ ಕೊಲ್ಲುತ್ತದೆ ಎಂಬುದು ಅವನ ವಾದ. ಬರೆದು ಸುಮ್ಮನೆ ಕೂರಲಿಲ್ಲ, ಹಿಟ್ಲರನನ್ನು ಎದುರಿಸಿ 1945ರ ಏಪ್ರಿಲ್ 9ರಂದು ಗಲ್ಲಿಗೇರಿದ. ಅಷ್ಟು ದೂರ ಯಾಕೆ? ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದ ನಮ್ಮ ಕಡೆಯ ಎಷ್ಟೋ ಜನ ಮನೆ, ಕುಲಕಸುಬು, ನೆಂಟಸ್ತಿಕೆ ಎಲ್ಲ ಕಳೆದುಕೊಂಡರು. ಅಂಥವರಿಗೆ ಕೆಲಸ ಬೇಕೆಂದೇ ಮಿಷನ್ ನೇಯ್ಗೆ, ಹಂಚಿನ ಕಾರ್ಖಾನೆಗಳನ್ನು ತೆರೆಯಬೇಕಾಯಿತು. ಅವರ ಮರಿಮಕ್ಕಳಾದ ನಮಗೆ ಒಂದು ಆಮೆನ್ ಒತ್ತಿದರೆ ಸಾಕು!

ಸಭೆಯ ಗೆಳೆಯರೊಬ್ಬರು ರೇಗಿದರು. "ಅಣ್ಣಾ, ಕ್ರಿಯೆಗಳಿಂದ ರಕ್ಷಣೆ ಅಂತ ನೀವು ಹೇಳುವುದಾ?" ಇಲ್ಲ ಮಾರಾಯ್ರೆ. ಯೆರಿಕೋದ ಸುಂಕದ ಜಕ್ಕಾಯನ ಕತೆ ನೋಡಿ. ಯೇಸು ಮೊದಲೇ ಅವನ ಹೆಸರು ಹಿಡಿದು ಕರೆದ, ನಿನ್ನ ಮನೆಗೆ ಬರುತ್ತೇನೆ ಅಂದ. ಷರತ್ತು ಹಾಕಲಿಲ್ಲ. ಆಮೇಲೆ ಜಕ್ಕಾಯ ತಾನಾಗಿ ಲೆಕ್ಕದ ಪುಸ್ತಕ ಬಿಚ್ಚಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದದ್ದಕ್ಕೆ ನಾಲ್ಕರಷ್ಟು. ಕೃಪೆ ಮೊದಲು, ಲೆಕ್ಕ ಆಮೇಲೆ. ಆದರೆ ಲೆಕ್ಕವಂತೂ ಇದ್ದೇ ಇದೆ.

ಇಷ್ಟು ಬಿಗಿಯಾಗಿ ಬರೆಯುವ ನಾನೇನು ಸಾಚಾ ಅಲ್ಲ. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ವಿಜಯಪುರದ ಕಡೆಯವಳು. ಕಳೆದ ಮಳೆಗಾಲದಲ್ಲಿ ಆರು ದಿನ ಬರಲಿಲ್ಲ. "ಮಗಳಿಗೆ ಜ್ವರ ಬಂದಿತ್ರೀ ಸಾಹೇಬ್ರ, ಏನ್ ಮಾಡ್ಲಿ?" ಅಂದಳು. ನಾನು ಕ್ಯಾಲೆಂಡರ್ ನೋಡಿ ಆರು ದಿನದ್ದು ಲೆಕ್ಕ ಹಾಕಿ ಮುರಿದುಕೊಂಡು ಕೊಟ್ಟೆ. ಅವಳು ಎಣಿಸಿಯೂ ನೋಡದೆ ಸೆರಗಿಗೆ ಕಟ್ಟಿಕೊಂಡು ಹೋದಳು. ಅದೇ ಹೊತ್ತಿಗೆ ಮೊಬೈಲ್ ಟಿಣ್ ಅಂತು. ಬೆಳಿಗ್ಗೆ ನಾನೇ ಕಳಿಸಿದ್ದ ಕೃಪೆಯ ಸಂದೇಶಕ್ಕೆ ಯಾರೋ ಆಮೆನ್ ಅಂದಿದ್ದರು. ನನ್ನ ಕೈ ಯಾರ ಕುತ್ತಿಗೆಯ ಮೇಲಿದೆ ಅಂತ ಆಗ ಗೊತ್ತಾಯಿತು.

ಮರುದಿನ ಆ ಹಣ ಅವಳಿಗೆ ಕೊಟ್ಟೆ. ದೊಡ್ಡಸ್ತಿಕೆಯೇನಿಲ್ಲ, ನನಗೆ ಬ್ಯಾಂಕಿನಲ್ಲಿ ಕಾಯಿಲೆ ರಜೆಗೆ ಸಂಬಳ ಇದೆ, ಅವಳಿಗಿಲ್ಲ, ಅಷ್ಟೇ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಇಂದಿನ ವಚನ ಇಂದು ಯಾರಿಗೆ ಏನು ಕೊಡು ಅನ್ನುತ್ತದೆ, ಯಾರಿಗೆ ಏನು ಬಿಡು ಅನ್ನುತ್ತದೆ ಎಂದು ತಿಳಿದು, ಅದನ್ನು ಮಾಡಿ ಮುಗಿಸುವ ತನಕ ಇನ್ನೊಬ್ಬರಿಗೆ ದಾಟಿಸುವುದಿಲ್ಲ.

ನಿಜ ಹೇಳಬೇಕೆಂದರೆ, ಈಗ ನನ್ನಿಂದ ತಿಂಗಳಿಗೆ ನಾಲ್ಕೈದು ಸಂದೇಶ ಹೋದರೆ ಹೆಚ್ಚು. ನಿಮ್ಮಿಂದ ಎಷ್ಟು ಹೋದಾವು? ಲೆಕ್ಕ ಹಾಕಿ ನೋಡಿ.