ಕಡವಿನ ಆಚೆಯ ಊರು

ಬೇಸಿಗೆಯ ರಜೆ ಸಮೀಪಿಸಿತೆಂದರೆ ನಮ್ಮ ವರ್ತಕ ನಗರದ ವಿದ್ಯಾರ್ಥಿಗಳಲ್ಲಿ ಒಂದೇ ಮಾತು: "ನೀವು ಯಾವ ಊರಿಗೆ ಹೋಗುವಿರಿ?" ಕೆಲವರಿಗೆ ಅಜ್ಜನ ಮನೆಯುಂಟು, ಕೆಲವರಿಗೆ ಅದೂ ಇಲ್ಲ. ಇಲ್ಲದವರ ಮನೆಯವರು ಈಚೆಗೆ ಕಡಲತೀರದ ಸದ್ದಿಲ್ಲದ ಹಳ್ಳಿಗಳನ್ನು ಹುಡುಕತೊಡಗಿದ್ದಾರೆ. ಹುಡುಕುವುದು ತಪ್ಪಲ್ಲ. ಆದರೆ ಅಂಥ ಊರಿಗೆ ಹೋಗುವ ಬಗೆಯನ್ನು ಕುರಿತು ನಾವು ಹೇಳಬೇಕಾದುದು ಸ್ವಲ್ಪವಿದೆ.

ಕುಮಟಾ ತಾಲೂಕಿನ ಅಘನಾಶಿನಿಯನ್ನೇ ತೆಗೆದುಕೊಳ್ಳೋಣ. ನದಿಯ ಹೆಸರೇ ಗ್ರಾಮದ ಹೆಸರೂ ಆಗಿದೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ದೊಡ್ಡ ಅಣೆಕಟ್ಟುಗಳ ಕೈಗೆ ಸಿಕ್ಕದೆಯೇ ಕಡಲನ್ನು ಸೇರುವ ನದಿಯಿದು. ಅಳಿವೆಯ ತೆಂಕಣ ದಡದಲ್ಲಿ ಅಘನಾಶಿನಿ, ಬಡಗಣ ದಡದಲ್ಲಿ ತದಡಿ ಬಂದರು, ನಡುವೆ ದೋಣಿ.

ಮಧ್ಯಾಹ್ನ ಠಾಣೆಯಲ್ಲಿ ಮತ್ಸ್ಯಗಂಧಾ ಗಾಡಿಯನ್ನು ಹತ್ತಿದರೆ ಮರುದಿನ ಬೆಳಗಿನ ಜಾವ ಕುಮಟೆಯಲ್ಲಿ ಇಳಿಯಬಹುದು. ಇಂದು ಇದು ಎಷ್ಟು ಸುಲಭವೆಂದು ನಿಮಗೆ ತೋರುವುದೋ ನಿಮ್ಮ ತಂದೆತಾಯಿಗಳಿಗೆ ಅಷ್ಟು ಸುಲಭವಾಗಿರಲಿಲ್ಲ. ಕೊಂಕಣ ರೈಲು ಪೂರ್ಣವಾಗಿ ಸಂಚಾರಕ್ಕೆ ತೆರೆದುದು 1998ರ ಜನವರಿ 26ರಂದು. ಅದಕ್ಕೆ ಮೊದಲು ಬಸ್ಸಿನಲ್ಲಿ ಮೈ ನುಗ್ಗಾಗಿಸಿಕೊಂಡು ಹೋಗಬೇಕಾಗಿತ್ತು. ರತ್ನಾಗಿರಿಯ ಸಮೀಪ ಕರಬುಡೆಯ ಸುರಂಗವೊಂದೇ ಆರೂವರೆ ಕಿಲೋಮೀಟರು ಉದ್ದವಿದೆ. ನಿದ್ದೆ ಮಾಡಿ ಅದನ್ನು ಕಳೆದುಕೊಳ್ಳಬೇಡಿರಿ. ಟಿಕೇಟನ್ನು 60 ದಿನ ಮೊದಲೇ ಕಾದಿರಿಸಲು ಬರುವುದು. ಮೇ ತಿಂಗಳಿಗಾದರೆ ಮೊದಲ ದಿನವೇ ತೆಗೆಸುವುದು ಲೇಸು.

ಕುಮಟೆಯಿಂದ ಕಾಗಾಲದ ಮೇಲೆ ನೇರ ಗ್ರಾಮಕ್ಕೆ ಹೋಗಬಹುದು. ನಾವು ಗೋಕರ್ಣವನ್ನು ನೋಡಿಕೊಂಡು ತದಡಿಯ ಕಡೆಯಿಂದ ಹೋದವರು. ಕಡವಿಗೆ ಬರುವ ಹೊತ್ತಿಗೆ ದೋಣಿ ನಡುನೀರಿನಲ್ಲಿತ್ತು. ಮತ್ತೊಂದು ಬರುವವರೆಗೆ ಬಿಸಿಲಿನಲ್ಲಿ ನಿಲ್ಲಬೇಕಾಯಿತು. ಆದರೂ ನಮಗೆ ಬೇಸರವಾಗಲಿಲ್ಲ. ಮೋಟಾರಿನ ಗದ್ದಲವಿಲ್ಲ, ಸೇತುವೆಯಿಲ್ಲ, ಎಂಥ ಪುಣ್ಯವಂತರ ಊರೆಂದು ಹಿಗ್ಗಿದೆವು. ಆ ಹಿಗ್ಗನ್ನು ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬಳೆದುರಿಗೆ ಆಡಿಯೂ ಬಿಟ್ಟೆವು. ಜ್ವರದಿಂದ ನರಳುವ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ಆಕೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ನಿಮಗೆ ಒಂದು ದಿನ, ನಮಗೆ ದಿನಾಲೂ" ಎಂದಳು. ಅಷ್ಟೇ ಮಾತು. ದೋಣಿ ತಪ್ಪಿದರೆ ಮಿರ್ಜಾನಿನ ಬಳಿಯ ಹೆದ್ದಾರಿಯ ಸೇತುವೆಯವರೆಗೂ ಸುತ್ತಿ ಬರಬೇಕೆಂಬುದು ನಮಗೆ ಆಗಲೇ ಹೊಳೆದುದು. ನಾಚಿಕೆಯಾಯಿತು.

ಅಂದಿನಿಂದ ನಮ್ಮ ಅಭಿಪ್ರಾಯವಿದು: ಪರರ ಊರಿನ ಮೌನವನ್ನು ಕಾಯ್ದುಕೊಡಿರೆಂದು ಅಲ್ಲಿಯವರನ್ನು ಕೇಳುವ ಹಕ್ಕು ಎರಡು ದಿನದ ಅತಿಥಿಗಳಾದ ನಮಗಿಲ್ಲ. ಸೇತುವೆ ಬೇಕೋ ಬೇಡವೋ, ಅವರೇ ನಿರ್ಧರಿಸಲಿ. ಅನುಕೂಲದ ಹೆಸರಿನಿಂದ ಬಂದುದನ್ನೆಲ್ಲ ಅವರು ಕಣ್ಣುಮುಚ್ಚಿ ಒಪ್ಪುವವರೂ ಅಲ್ಲ. ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ಬರುವುದೆಂದಾಗ ಸುತ್ತಲಿನ ಜನರೇ ಎದುರು ನಿಂತರು; ಯೋಜನೆ ನಿಂತುಹೋಯಿತು. ಏಕೆಂದರೆ ಅವರ ಅನ್ನ ಆ ಅಳಿವೆಯಲ್ಲಿದೆ. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪಿಯನ್ನು ಹೆಕ್ಕುವ ಹೆಂಗಸರನ್ನು ಅಲ್ಲಿ ಕಾಣುವಿರಿ. ಗಜನಿ ಎಂಬ ತಗ್ಗುಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುವುದು. ಉಪ್ಪುನೀರು ಬಂದು ನಿಂತರೆ ಬೇರೆ ಭತ್ತ ಕೊಳೆತುಹೋಗುವಲ್ಲಿ ಇದು ತಲೆಯೆತ್ತಿ ನಿಲ್ಲುವುದು. ಕೊಯ್ಲಿನ ಬಳಿಕ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಗುಡಿ ಗೋಪುರಗಳಿಗಿಂತ ಇಂಥ ಗದ್ದೆಯ ಅಂಚಿನಲ್ಲಿ ಅರ್ಧ ಗಂಟೆ ನಿಲ್ಲುವುದು ಹೆಚ್ಚಿನ ವಿದ್ಯೆಯೆಂದು ನಮಗನಿಸುತ್ತದೆ. (ಗುಡಿಗೆ ಹೋಗಬೇಡಿರೆಂದಲ್ಲ, ಮನೆಯಲ್ಲಿ ಹಿರಿಯರು ಮುನಿದಾರು!) ಅಲ್ಲಿ ನಿಂತು ದೊಡ್ಡ ದನಿಯಲ್ಲಿ ಹಾಡು ಹಚ್ಚುವುದು, ಚಿಪ್ಪಿ ಹೆಕ್ಕುವವರ ಅನುಮತಿಯಿಲ್ಲದೆ ಚಿತ್ರ ತೆಗೆಯುವುದು, ನೀರಿನ ಬಾಟಲಿಯನ್ನು ಕಡವಿನಲ್ಲಿ ಬಿಸಾಡುವುದು, ಇವು ಮಾತ್ರ ಕೂಡವು.

2024ರಲ್ಲಿ ಈ ಅಳಿವೆಯನ್ನು ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮಹತ್ತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಇದನ್ನು ತರಗತಿಯಲ್ಲಿ ಹೇಳಿ, ಅದೇ ಪಟ್ಟಿಯಲ್ಲಿ 2022ರಲ್ಲಿಯೇ ಸೇರಿದ ಇನ್ನೊಂದು ಸ್ಥಳ ನಮ್ಮ ಮನೆಯ ಹಿತ್ತಿಲಲ್ಲಿದೆ, ಯಾವುದು ಹೇಳಿರೆಂದು ಕೇಳಿದೆವು. ಯಾರೂ ಕೈಯೆತ್ತಲಿಲ್ಲ. ಅದು ನಮ್ಮ ಠಾಣೆಯ ಖಾಡಿ! ಚಳಿಗಾಲದಲ್ಲಿ ಅಲ್ಲಿಗೆ ಸಾವಿರಾರು ರಾಜಹಂಸಗಳು ಬಂದಿಳಿಯುವುವು. ಅದರ ದಡದಲ್ಲಿಯೂ ಬಲೆ ಬೀಸಿ ಬದುಕುವ ಕೋಳಿ ಜನರಿದ್ದಾರೆ. ಆ ನೀರಿನ ಮೇಲಿನ ಸೇತುವೆಯನ್ನು ದಿನವೂ ದಾಟುವ ನಮ್ಮಲ್ಲಿ ಎಷ್ಟು ಮಂದಿ ಮೂಗು ಮುಚ್ಚಿಕೊಳ್ಳದೆ ಅದನ್ನು ನೋಡಿದ್ದೇವೆ?

ಕುಮಟೆಗೆ ಹೋಗುವ ಅನುಕೂಲ ಎಲ್ಲರಿಗೂ ಇರಲಾರದು. ಐರೋಳಿ ಮಾತ್ರ ಠಾಣೆಯಿಂದ ಎರಡನೆಯ ನಿಲ್ದಾಣ. ಬರುವ ಜನವರಿಯಲ್ಲಿ ಒಂದು ರವಿವಾರ ಏಳನೆಯ ಇಯತ್ತೆಯವರನ್ನು ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇವೆ. ಬರುವವರು ಬುತ್ತಿಯನ್ನೂ ಒಂದು ನೋಟುಬುಕ್ಕನ್ನೂ ತರತಕ್ಕದ್ದು.