ವಿಷಯ ಚಿಕ್ಕದಿರಲಿ, ಪ್ರಶ್ನೆ ಗಟ್ಟಿಯಿರಲಿ

"ಗ್ರಂಥಾಲಯ ವಿಜ್ಞಾನದಲ್ಲಿ ಸಂಶೋಧನೆ ಮಾಡುವುದಕ್ಕೆ ಏನಿದೆ? ಪುಸ್ತಕ ಕೊಡುವುದು, ವಾಪಸು ಪಡೆಯುವುದು, ಅಷ್ಟೇ ಅಲ್ಲವೇ?" ಮಗಳು ಈ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಸೇರುತ್ತೇನೆಂದಾಗ ಅನೇಕ ತಂದೆತಾಯಂದಿರ ಬಾಯಲ್ಲಿ ಬರುವ ಮಾತಿದು.

ಉತ್ತರಕ್ಕಾಗಿ ದಕ್ಷಿಣ ಬೆಂಗಳೂರಿನವರು ಬಹುದೂರ ಹೋಗಬೇಕಾಗಿಲ್ಲ. ಬನಶಂಕರಿಯಿಂದ ಮೈಸೂರು ರಸ್ತೆಯ ಕಡೆ ಹೊರಟರೆ, ಎಂಟನೇ ಮೈಲಿಯಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಡಿ.ಆರ್.ಟಿ.ಸಿ. ಎಂದೇ ಹೆಸರಾದ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಇರುವುದು ಅದರ ಆವರಣದಲ್ಲೇ. ಇದನ್ನು 1962ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದವರು ಡಾ. ಎಸ್.ಆರ್. ರಂಗನಾಥನ್. ಸಂಸ್ಥೆಯ ಹೆಸರಿನಲ್ಲೇ ಸಂಶೋಧನೆಯೂ ತರಬೇತಿಯೂ ಜೊತೆಯಾಗಿರುವುದನ್ನು ಗಮನಿಸಬೇಕು.

ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ತರಬೇತಿಗೆಂದು ಲಂಡನ್ನಿಗೆ ಹೋದರು. ಅಲ್ಲಿಯ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ಅವರ ಕಣ್ಣಿಗೆ ಬಿತ್ತು. ಅವೇ ಪಟ್ಟಿಗಳು, ಅವೇ ತಿರುಪುಗಳು. ಜೋಡಿಸುವ ಬಗೆ ಬೇರೆಯಾದರೆ ಆಟಿಕೆಯೂ ಬೇರೆ. ವಿಷಯಗಳನ್ನೂ ಹೀಗೇಕೆ ಬಿಡಿಸಿ ಜೋಡಿಸಬಾರದು ಎಂಬ ಯೋಚನೆ 1933ರಲ್ಲಿ ಕೋಲನ್ ವರ್ಗೀಕರಣವಾಗಿ ಪ್ರಕಟವಾಯಿತು. ಮುಂದೆ ಅವರು ಯಾವ ವಿಷಯವನ್ನೂ ವ್ಯಕ್ತಿತ್ವ, ವಸ್ತು, ಶಕ್ತಿ, ಸ್ಥಳ, ಕಾಲ ಎಂಬ ಐದು ಮುಖಗಳಿಂದ ನೋಡುವ ಕ್ರಮವನ್ನು ರೂಪಿಸಿದರು.

ಈ ಕ್ರಮ ಹುಟ್ಟಿದ್ದು ಪುಸ್ತಕಗಳ ವರ್ಗೀಕರಣಕ್ಕಾಗಿ. ಆದರೆ ಸಂಶೋಧನೆಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗೂ ಇದು ಒಳ್ಳೆಯ ಸಾಧನ. "ಸಾರ್ವಜನಿಕ ಗ್ರಂಥಾಲಯಗಳ ಬಳಕೆ: ಒಂದು ಅಧ್ಯಯನ" ಎಂಬ ಶೀರ್ಷಿಕೆ ಹಿಡಿದು ವಿದ್ಯಾರ್ಥಿನಿಯೊಬ್ಬಳು ಬಂದಳೆನ್ನಿ. ಮಾರ್ಗದರ್ಶಕರು ಅದನ್ನು ಒಪ್ಪಲೂಬಾರದು, ತಿರಸ್ಕರಿಸಲೂಬಾರದು. ಯಾರ ಬಳಕೆ? ಯಾವ ಪುಸ್ತಕಗಳದ್ದು? ಓದುವುದೋ, ಎರವಲು ಪಡೆಯುವುದೋ, ಹುಡುಕುವುದೋ? ಎಲ್ಲಿ? ಎಷ್ಟು ಕಾಲ? ಹೀಗೆ ಕೇಳುತ್ತಾ ಹೋದರೆ ವಿಷಯ ತಾನಾಗಿಯೇ ಚಿಕ್ಕದಾಗುತ್ತದೆ. "ಜಯನಗರದ ಒಂದು ಗ್ರಂಥಾಲಯಕ್ಕೆ ಬರುವ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಕನ್ನಡ ಪುಸ್ತಕಗಳನ್ನು ಹುಡುಕುವ ಬಗೆ: ಎರಡು ತಿಂಗಳ ಅವಲೋಕನ." ಇದು ಒಬ್ಬ ವಿದ್ಯಾರ್ಥಿನಿ ಮಾಡಿ ಮುಗಿಸಬಹುದಾದ ಕೆಲಸ. ಪುಸ್ತಕ ಕಪಾಟಿನಲ್ಲಿದ್ದೂ ಓದುಗನಿಗೆ ಸಿಗುತ್ತಿಲ್ಲವೆಂದು ತಿಳಿದರೆ ಗ್ರಂಥಪಾಲಕರು ಮರುದಿನವೇ ಒಂದು ಫಲಕ ಹಾಕಿಸಬಹುದು. ಓದುಗನ ಸಮಯ ಉಳಿಸುವುದು ರಂಗನಾಥನ್ 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು.

ಮಾರ್ಗದರ್ಶಕರ ಎರಡನೆಯ ಕೆಲಸ, ಪ್ರಶ್ನಾವಳಿಯ ಪರಿಶೀಲನೆ. "ಗ್ರಂಥಾಲಯದ ಸೇವೆ ತೃಪ್ತಿಕರವೇ?" ಎಂದು ಸಿಬ್ಬಂದಿಯ ಎದುರಿನಲ್ಲೇ ಕೇಳಿದರೆ ಯಾರು ತಾನೇ ಇಲ್ಲವೆಂದಾರು? ಅದರ ಬದಲು, "ಇಂದು ಯಾವ ಪುಸ್ತಕಕ್ಕಾಗಿ ಬಂದಿರಿ? ಸಿಕ್ಕಿತೇ?" ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ನೂರು ಜನರ ಮುಂದೆ ಇಡುವ ಮೊದಲು ಹತ್ತು ಜನರಲ್ಲಿ ಪರೀಕ್ಷಿಸಿದರೆ ತಪ್ಪುಗಳು ಅಲ್ಲೇ ತಿಳಿಯುತ್ತವೆ.

ಇನ್ನು ವಿದ್ಯಾರ್ಥಿಗಳ ಪಾಲಿನ ಜವಾಬ್ದಾರಿ. ಸಿದ್ಧ ಪ್ರಾಜೆಕ್ಟನ್ನು ಕೊಂಡು ರಟ್ಟು ಹಾಕಿಸಿ ಒಪ್ಪಿಸುವ ಚಾಳಿಯನ್ನು ಬಿಡಲೇಬೇಕು. ಯು.ಜಿ.ಸಿ.ಯ 2018ರ ನಿಯಮಾವಳಿಯಂತೆ, ಪ್ರಬಂಧದಲ್ಲಿ ಇತರರ ಬರಹದೊಂದಿಗಿನ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. ಅದನ್ನು ಮೀರಿದರೆ ತಿದ್ದಿ ಒಪ್ಪಿಸಬೇಕಾಗುತ್ತದೆ. ಶೇಕಡಾ 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಈಗ ಶೋಧಗಂಗಾ ಭಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಅದನ್ನು ನಕಲಿನ ಗಣಿಯೆಂದು ತಿಳಿಯದೆ, ಹಿಂದಿನವರು ಎಲ್ಲಿಗೆ ನಿಲ್ಲಿಸಿದ್ದಾರೆಂದು ನೋಡಲು ಬಳಸಿದರೆ ಅರ್ಧ ಶ್ರಮ ಉಳಿದಂತೆ.

ಕಡೆಯದಾಗಿ ಪೋಷಕರಿಗೊಂದು ಮಾತು. ಸಂಶೋಧನೆಯ ತಿಂಗಳುಗಳಲ್ಲಿ ಮಕ್ಕಳು ದಿನವೆಲ್ಲ ಗ್ರಂಥಾಲಯದಲ್ಲಿ ಕುಳಿತು ಬರಿಗೈಯಲ್ಲಿ ಮನೆಗೆ ಮರಳುವುದುಂಟು. ಅದು ಕಾಲಹರಣವಲ್ಲ. "ಎಷ್ಟು ಪುಟವಾಯಿತು?" ಎಂದು ಅವಸರಿಸಬೇಡಿ. "ಇವತ್ತು ಏನು ಕಂಡೆಯಮ್ಮ?" ಎಂದು ಕೇಳಿ. ಅದಕ್ಕೆ ನಾಲ್ಕು ಮಾತಿನಲ್ಲಿ ಸ್ಪಷ್ಟ ಉತ್ತರ ಬಂದ ದಿನ, ಪ್ರಬಂಧ ಸರಿದಾರಿಯಲ್ಲಿದೆ ಎಂದು ತಿಳಿಯಿರಿ.